ಕಲ್ಯಾಣದುರ್ಗದ ಕಲ್ಲುಮೀನು

1986ನೇ ಇಸವಿ ಜುಲೈ 14, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹಿಂದೂಪುರದ ಪೊಲೀಸ್ ಠಾಣೆಗೆ ಒಬ್ಬ ಮೇಷ್ಟ್ರು ಬಂದು, ಮೀನು ಕಳುವಾಗಿದೆ ಎಂದರು. ದೂರು ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಶಂಕರಯ್ಯ ಪೆನ್ನಿನ ಕ್ಯಾಪು ತೆಗೆಯಲಿಲ್ಲ.

"ಮೀನ್ ಮಾರ್ಕೆಟ್ಟು ಮುನಿಸಿಪಾಲ್ಟಿಗೆ ಸೇರ್ತದೆ ಸಾರ್. ಅಲ್ಲಿ ಹೋಗಿ ಹೇಳಿ."

"ತಿನ್ನೋ ಮೀನಲ್ಲಪ್ಪ. ಕಲ್ಲಾಗಿರೋ ಮೀನು. ಒಂಬತ್ತು ಹತ್ತು ಕೋಟಿ ವರ್ಷದ ಹಿಂದಿಂದು."

ಕೋಟಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಶಂಕರಯ್ಯ ಕ್ಯಾಪು ತೆಗೆದ.

ದೂರು ಕೊಟ್ಟವರು ಓಬಳೇಶಪ್ಪ, ವಯಸ್ಸು ನಲವತ್ತಾರು, ಊರ ಹೊರಗಿನ ಖಾಸಗಿ ಕಾಲೇಜಿನಲ್ಲಿ ಭೂವಿಜ್ಞಾನದ ಲೆಕ್ಚರರ್. ಜೊತೆಯಲ್ಲಿ ಪ್ರಿನ್ಸಿಪಾಲ್ ವರಲಕ್ಷ್ಮಮ್ಮ ಇದ್ದರು. ದೂರಿನ ಸಾರಾಂಶ ಇಷ್ಟು: ಹಿಂದಿನ ವರ್ಷ ಜೂನ್ ತಿಂಗಳಲ್ಲಿ ಓಬಳೇಶಪ್ಪನವರಿಗೆ ಕಲ್ಯಾಣದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ದಾರಿಯ ಒಂದು ಬಾವಿಯ ಬಳಿ ಕಪ್ಪು ಕಲ್ಲಿನ ಚಪ್ಪಡಿ ಸಿಕ್ಕಿತ್ತು. ಅದರ ಮೇಲೆ ಒಂದು ಪ್ರಾಚೀನ ಮೀನಿನ ಪಳೆಯುಳಿಕೆ ಇತ್ತು. ಕುಲದ ಹೆಸರು ಸೈಕ್ಲೊಬ್ಯಾಟಿಸ್. ಸಮುದ್ರದ ತಳದಲ್ಲಿ ತಟ್ಟೆಯಂತೆ ಚಪ್ಪಟೆಯಾಗಿ ಮಲಗುವ ತೊರಕೆ ಮೀನನ್ನು ಹೋಲುವ ಜಾತಿ. ಗಟ್ಟಿ ಮೂಳೆಯಿಲ್ಲ, ನಮ್ಮ ಕಿವಿಯಲ್ಲಿರುವಂಥ ಮೆತ್ತನೆಯ ಮೂಳೆ. ಈಗ ಪ್ರಪಂಚದಲ್ಲಿ ಎಲ್ಲೂ ಬದುಕಿಲ್ಲ. ಚಪ್ಪಡಿಯ ಉದ್ದ ಒಂದೂವರೆ ಅಡಿ, ಅಗಲ ಒಂದಡಿ, ತೂಕ ಸುಮಾರು ಹದಿನಾಲ್ಕು ಕಿಲೋ. 12ನೇ ತಾರೀಖು ಶನಿವಾರ ಸಂಜೆ ನಾಲ್ಕಕ್ಕೆ ಲೆಕ್ಚರರೇ ಕೋಣೆಗೆ ಬೀಗ ಹಾಕಿದ್ದರು. ಸೋಮವಾರ ಒಂಬತ್ತು ನಲವತ್ತಕ್ಕೆ ಅಟೆಂಡರ್ ಪೋತಪ್ಪ ಬಾಗಿಲು ತೆಗೆದಾಗ ಗಾಜಿನ ಪೆಟ್ಟಿಗೆ ಖಾಲಿ. ಬೀಗ ಮುರಿದಿಲ್ಲ.

"ಶುಕ್ರವಾರ ಕಲ್ಕತ್ತಾದಿಂದ ದೊಡ್ಡ ವಿದ್ವಾಂಸರು ಇದನ್ನ ನೋಡೋಕೆ ಬರ್ತಿದಾರೆ. ಅವರಿಗೆ ಏನು ತೋರಿಸೋದು?" ಎಂದರು ಓಬಳೇಶಪ್ಪ. ಅವರ ಕಣ್ಣು ಕೆಂಪಾಗಿತ್ತು. ನಿದ್ದೆ ಇಲ್ಲದ ಮುಖ.

ಕ್ರೈಂ ನಂಬರ್ 87/86, ಸೆಕ್ಷನ್ 380ರ ಅಡಿ ಎಫ್‌ಐಆರ್ ದಾಖಲಾಯಿತು. ತನಿಖೆಯನ್ನು ಇನ್‌ಸ್ಪೆಕ್ಟರ್ ಜಯರಾಮಪ್ಪ ತಾವೇ ಕೈಗೆತ್ತಿಕೊಂಡರು. ಜಯರಾಮಪ್ಪನವರದು ಅನುಮಾನದ ಜೀವ. ಮನೆಯಲ್ಲಿ ಹಾಲು ಉಕ್ಕಿದರೆ ಯಾರು ಉಕ್ಕಿಸಿದರು ಎಂದು ಕೇಳುವ ಪೈಕಿ. ಆ ಗುಣದಿಂದ ಅವರಿಗೆ ಎರಡು ಮೆಡಲ್ಲು ಬಂದಿದ್ದವು, ಮನೆಯಲ್ಲಿ ಮಾತ್ರ ಯಾರೂ ಅವರೊಂದಿಗೆ ಹೆಚ್ಚು ಮಾತಾಡುತ್ತಿರಲಿಲ್ಲ.

ಹನ್ನೊಂದೂ ಕಾಲಿಗೆ ಸ್ಥಳ ಪಂಚನಾಮೆ ಆಯಿತು. ಭೂವಿಜ್ಞಾನದ ಕೋಣೆ ಕಾಲೇಜಿನ ಹಿಂಭಾಗದಲ್ಲಿತ್ತು. ಗೋಡೆಯುದ್ದಕ್ಕೂ ಬೀರುಗಳಲ್ಲಿ ಚೀಟಿ ಅಂಟಿಸಿದ ಕಲ್ಲುಗಳು. ಕಿಟಕಿಗಳ ಸರಳು ಭದ್ರ. ಬಾಗಿಲ ಬೀಗಕ್ಕೆ ಎರಡೇ ಕೀಲಿ, ಒಂದು ಲೆಕ್ಚರರ ಬಳಿ, ಇನ್ನೊಂದು ಪೋತಪ್ಪನ ಬಳಿ.

ಬೀಗ ಮುರಿದಿಲ್ಲ ಎಂದರೆ ಕೀಲಿ ಇದ್ದವನೇ ಕಳ್ಳ ಎಂಬುದು ಪೊಲೀಸರ ಹಳೆಯ ಲೆಕ್ಕ. ಕೀಲಿ ಇಬ್ಬರ ಬಳಿ ಇದ್ದರೆ ಅದರಲ್ಲಿ ಬಡವ ಯಾರೋ ಅವನೇ ಕಳ್ಳ, ಇದು ಇನ್ನೂ ಹಳೆಯ ಲೆಕ್ಕ. ಗೇಟಿನ ವಾಚ್‌ಮನ್ ಅದಕ್ಕೆ ತಕ್ಕಂತೆ ಸಾಕ್ಷಿಯನ್ನೂ ಕೊಟ್ಟ.

"ಪೋತಪ್ಪ ಭಾನುವಾರ ಬಂದಿದ್ನಾ?"

"ಬಂದಿದ್ದ ಸಾರ್. ಸಾಯಂಕಾಲ ನಾಲ್ಕು ಗಂಟೆ ಹೊತ್ನಾಗೆ."

"ಹೋಗುವಾಗ ಕೈಯಲ್ಲಿ ಏನಿತ್ತು?"

"ಮೂಟೆ ಹೊತ್ಕಂಡಿದ್ದ. ಭಾರ ಇತ್ತು ಸಾರ್, ಬಗ್ಗಿ ನಡೀತಿದ್ದ."

ಜಯರಾಮಪ್ಪ ಪ್ರಿನ್ಸಿಪಾಲರ ಕಡೆ ತಿರುಗಿದರು. ವರಲಕ್ಷ್ಮಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಇಪ್ಪತ್ತೆರಡು ವರ್ಷದಿಂದ ಟೆಂಪೊರರಿ ಅವನು. ಈ ಮೀನು ಪೇಪರಲ್ಲಿ ಬಂದ ಮೇಲೆ ಈ ಡಿಪಾರ್ಟ್‌ಮೆಂಟಿಗೆ ಹುಡುಗರು ಸೇರಿದರು, ಅದಕ್ಕೇ ಅವನ ಪೋಸ್ಟು ಪರ್ಮನೆಂಟ್ ಆಗಿ ಮಂಜೂರಾಯ್ತು. ಶನಿವಾರ ಹತ್ತೊಂಬತ್ತಕ್ಕೆ ಆರ್ಡರಿಗೆ ಸೈನ್ ಹಾಕಬೇಕು. ಪೊಲೀಸ್ ಕೇಸಲ್ಲಿ ಸಿಕ್ಕಿಕೊಂಡವನಿಗೆ ಕಮಿಟಿಯವರು ಕೊಡಲ್ಲ ಇನ್‌ಸ್ಪೆಕ್ಟರೇ. ಅಷ್ಟರೊಳಗೆ ತೀರ್ಮಾನ ಮಾಡಿ."

ಪೋತಪ್ಪ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಐವತ್ತು ದಾಟಿದ ಒಣಕಲು ಆಳು. ಅವನನ್ನು ಜೀಪಿಗೆ ಹತ್ತಿಸಿದರು. ಮೇಷ್ಟ್ರು ಕಿಟಕಿಯಿಂದ ನೋಡುತ್ತಿದ್ದರು.

ಮಧ್ಯಾಹ್ನ ಒಂದೂವರೆಗೆ ವಿಚಾರಣೆ ಶುರುವಾಯಿತು.

"ಭಾನುವಾರ ಯಾಕೆ ಹೋಗಿದ್ದೆ ಕಾಲೇಜಿಗೆ?"

"ಗಿಡಕ್ಕೆ ನೀರು ಹಾಕಾಕೆ ಸಾರ್."

"ಮೂಟೆಯಲ್ಲಿ ಏನಿತ್ತಲೇ?"

ಪೋತಪ್ಪ ತಲೆ ತಗ್ಗಿಸಿದ.

"ಏಮಯ್ಯಾ, ಚೆಪ್ಪು!" ಎಂದು ಶಂಕರಯ್ಯ ತೆಲುಗಿನಲ್ಲಿ ಗದರಿದ. ಠಾಣೆಯಲ್ಲಿ ಬೈಗುಳಕ್ಕೆ ತೆಲುಗು, ಸಮಾಧಾನಕ್ಕೆ ಕನ್ನಡ ಎಂಬುದು ಅವನ ಪದ್ಧತಿ.

"ಏಮೀ ಲೇದು ಸಾರ್. ಏನೂ ಇಲ್ಲ."

"ಏನೂ ಇಲ್ಲದ ಮೂಟೆಗೆ ಬೆನ್ನು ಬಗ್ತದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಮೂಟೆಯ ಮಾತು ಬಂದಾಗೆಲ್ಲ ಪೋತಪ್ಪನ ಕೈ ತಾನಾಗಿಯೇ ಭುಜಕ್ಕೆ ಹೋಗುತ್ತಿತ್ತು. ಜಯರಾಮಪ್ಪನವರಿಗೆ ಇನ್ನೇನು ಬೇಕು? ನಾಲ್ಕು ಗಂಟೆಗೆ ಅವನ ಮನೆ ಶೋಧಿಸಲು ಹೋದರು.

ಎರಡು ಅಂಕಣದ ಮನೆ. ಹೆಂಡತಿ ಬೀರಕ್ಕ ಅಂಗಳದಲ್ಲಿ ದೊಡ್ಡ ಬಾನಿಯ ಮುಂದೆ ಕೂತು ನೆನೆಸಿದ ಕಾಗದವನ್ನು ಮೆಂತ್ಯದ ಹಿಟ್ಟಿನ ಜೊತೆ ಒರಳಲ್ಲಿ ರುಬ್ಬುತ್ತಿದ್ದಳು. ಮಗುಚಿ ಹಾಕಿದ ಮಡಕೆಗಳ ಮೇಲೆ ಕಾಗದದ ಬುಟ್ಟಿಗಳು ಒಣಗುತ್ತಿದ್ದವು. ಒಳಗೆ ಕಲ್ಲೂ ಇಲ್ಲ, ಮೀನೂ ಇಲ್ಲ. ಮೂಲೆಯಲ್ಲಿ ಒಂದು ಗೋಣಿಚೀಲ. ಅದರ ತುಂಬ ಹಳೆಯ ಪರೀಕ್ಷೆಯ ಉತ್ತರ ಪತ್ರಿಕೆಗಳು.

"ಸುಡಾಕೆ ಇಕ್ಕಿದ್ರಂತೆ ಕಣಪ್ಪ," ಎಂದಳು ಬೀರಕ್ಕ. "ನಾನೇ ತಂದ್ಕೊಡು ಅಂದಿದ್ದೆ. ಬುಟ್ಟಿ ಮಾಡಾನ ಅಂತ. ಅವ್ನಿಗೆ ಬೈಬ್ಯಾಡ್ರಿ, ನನಗೆ ಬೈರಿ."

ಪೋತಪ್ಪ ಬಾಯಿ ಬಿಡದಿದ್ದುದು ಇದಕ್ಕೆ. ಪರ್ಮನೆಂಟ್ ಆಗುವ ವಾರದಲ್ಲಿ ಕಾಲೇಜಿನ ರದ್ದಿ ಕದ್ದೆ ಎಂದು ಒಪ್ಪಿಕೊಳ್ಳಲು ಅವನಿಗೆ ಹೆದರಿಕೆ. ಜಯರಾಮಪ್ಪನವರಿಗೆ ನಗು ಬಂತು, ಆದರೆ ಅನುಮಾನ ಬಿಡಲಿಲ್ಲ. ಕಾಗದ ಹೊತ್ತವನು ಕಲ್ಲು ಹೊರಲಿಲ್ಲ ಎಂದು ಯಾವ ಶಾಸ್ತ್ರದಲ್ಲಿದೆ? ಆ ರಾತ್ರಿ ಅವನನ್ನು ಠಾಣೆಯಲ್ಲೇ ಉಳಿಸಿಕೊಂಡರು.

15ನೇ ತಾರೀಖು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ಪೋತಪ್ಪನಿಗೆ ಟೀ ತರಿಸಿಕೊಟ್ಟು ಜಯರಾಮಪ್ಪ ಬೇರೆ ದಾರಿ ಹಿಡಿದರು.

"ಆ ಕಲ್ಲನ್ನ ಯಾರು ಕೊಂಡ್ಕೊಳ್ತಾರೆ ಹೇಳು. ನಿನಗೆ ಗೊತ್ತಿರ್ತದೆ. ಇಪ್ಪತ್ತೆರಡು ವರ್ಷ ಆ ರೂಮಲ್ಲಿದೀಯ."

"ನನಗೇನ್ ಗೊತ್ತು ಸಾರ್. ನಾನ್ ಕೇಳಿರೋದು ಪಾಠ ಅಷ್ಟೇ. ಹಿಂದ್ಗಡೆ ನಿಂತ್ಕಂಡು ಕೇಳ್ತೀನಿ, ಕಲ್ಲು ಎತ್ಕೊಡ್ಬೇಕಲ್ಲ. ಎಲ್ಲಾ ಬಾಯಿಪಾಠ ಆಗ್ಬುಟ್ಟೈತೆ."

"ಏನ್ ಬಾಯಿಪಾಠ?"

ಪೋತಪ್ಪ ಲೋಟ ಕೆಳಗಿಟ್ಟ. ಧ್ವನಿ ತುಸು ಬದಲಾಯಿತು, ಮೇಷ್ಟ್ರ ಧ್ವನಿ ಬಂತು.

"ಮೊದಲ್ನೇ ದಿನದ ಪಾಠ: 'ಮಕ್ಕಳೇ, ನಮ್ಮ ಜಿಲ್ಲೆ ಕಲ್ಲು ಭಾಳ ಹಳೇವು. ಮೀನು, ಪ್ರಾಣಿ ಹುಟ್ಟೋದಕ್ಕಿಂತ ಮುಂಚಿನವು. ಎಷ್ಟ್ ಅಗೆದ್ರೂ ಇಲ್ಲಿ ಒಂದ್ ಮೂಳೆ ಸಿಗಲ್ಲ.' ವರ್ಷಾ ವರ್ಷಾ ಹಿಂಗೇ ಹೇಳ್ತಿದ್ರು ಸಾರ್."

ಜಯರಾಮಪ್ಪ ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಹಂಗಾದ್ರೆ ಮೀನು ಎಲ್ಲಿಂದ ಬಂತು?"

"ಅದ್ನೇ ನಾನೂ ಕೇಳ್ದೆ ಸಾರ್, ಹೋದ್ ವರ್ಷ. ಮೇಷ್ಟ್ರು ಸುಮ್ಕಾಗ್ಬುಟ್ರು. ಅವತ್ನಿಂದ ಆ ಪಾಠ ಹೇಳೋದ್ ಬಿಟ್ರು."

ಕಾಲೇಜಿನಿಂದ ತಂದ ಫೈಲಿನಲ್ಲಿ ಮೀನಿನ ದೊಡ್ಡ ಫೋಟೋ ಒಂದಿತ್ತು. ಕಪ್ಪು ಕಲ್ಲಿನ ಮೇಲೆ ಬಿಳಿಚಿದ ಗೆರೆಗಳು. ದುಂಡನೆಯ ಮೈ, ಸುತ್ತಲೂ ಬೀಸಣಿಗೆಯಂತೆ ಹರಡಿದ ರೆಕ್ಕೆಯ ಎಳೆಗಳು, ನೆಟ್ಟಗಿನ ಬಾಲ. ಜಯರಾಮಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೆ ಅದು ಮೀನಿನ ಹಾಗೆಯೇ ಕಂಡಿತು. ಶಂಕರಯ್ಯ ಹೆಗಲ ಮೇಲಿನಿಂದ ಬಗ್ಗಿ ನೋಡಿ, ನಾಲಿಗೆಯಲ್ಲಿ ಲೊಚಗುಟ್ಟಿದ.

"ಚೆನ್ನಾಗೈತೆ ಸಾರ್ ಬುಟ್ಟಾ."

"ಸೀರೆ ಮೇಲಿನ ಬುಟ್ಟಾ ಅಲ್ಲಯ್ಯ, ಮೀನು."

ಶಂಕರಯ್ಯ ನೇಕಾರರ ಮನೆಯವನು. ಖಾಕಿ ತೊಡುವ ಮುಂಚೆ ಹದಿನಾರು ವರ್ಷದವರೆಗೆ ಅಪ್ಪನ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನು. ಅವನು ಫೋಟೋ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದ. ಬೆರಳಿಟ್ಟು ಎಣಿಸತೊಡಗಿದ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ.

"ಸಾರ್, ಇಲ್ನೋಡಿ. ಬಲಗಡೆ ಮೇಲಿಂದ ಒಂಬತ್ತನೇ ಎಳೆ ಮುರಿದೈತೆ. ತುದಿ ಕೊಕ್ಕೆ ಹಂಗೆ ಬಗ್ಗೈತೆ."

"ಹೌದು. ಕೋಟಿ ವರ್ಷ ಕಲ್ಲಿನ ಕೆಳಗಿದ್ರೆ ಮುರೀದೇ ಇರ್ತದಾ?"

"ಮುರೀಲಿ ಸಾರ್. ಎಡಗಡೆ ಎಣಿಸಿ."

ಜಯರಾಮಪ್ಪ ಎಣಿಸಿದರು. ಎಡಗಡೆಯೂ ಒಂಬತ್ತನೇ ಎಳೆ ಮುರಿದಿತ್ತು. ಅಷ್ಟೇ ಉದ್ದಕ್ಕೆ, ಅದೇ ಕೊಕ್ಕೆ.

"ಸತ್ತ ಮೀನು ಎರಡೂ ಕಡೆ ಒಂದೇ ಥರ ಮುರ್ಕೊಂತದಾ ಸಾರ್? ಇದು ಮಡಿಚಿ ಬರೆದಿದ್ದು. ನಮ್ ಸೀರೆ ನಕ್ಷೆ ಬರೆಯೋರು ಅರ್ಧ ಬುಟ್ಟಾ ಮಾತ್ರ ಬರೀತಾರೆ. ಇನ್ನರ್ಧ ಮಗ್ಗನೇ ಮಗುಚಿ ನೇಯ್ಕೊಂತದೆ. ಆ ಅರ್ಧದಾಗೆ ಒಂದು ತಪ್ಪಿದ್ರೆ ಸೀರೆ ಮೇಲೆ ಎರಡು ತಪ್ಪು. ನಮ್ಮಪ್ಪನ ಕೈಲಿ ಇದಕ್ಕೇ ಎಷ್ಟು ಸಲ ಒದೆ ತಿಂದಿದೀನಿ!"

ಪುಸ್ತಕ ಓದಿದ ಮೇಷ್ಟ್ರಿಗೆ, ಪೇಪರಿನವರಿಗೆ, ತಮಗೆ ಯಾರಿಗೂ ಕಾಣದ್ದು ಮಗ್ಗದ ಹುಡುಗನಾಗಿದ್ದವನಿಗೆ ಕಂಡಿತ್ತು. ಅವರ ಅನುಮಾನ ಪೋತಪ್ಪನ ಮೇಲಿಂದ ಎದ್ದು, ಇದುವರೆಗೆ ಯಾರೂ ನೋಡದ ಕಡೆ ಹೋಗಿ ಕೂತಿತು.

"ಈ ಸುತ್ತಿನಲ್ಲಿ ನಕ್ಷೆ ಬರೆಯೋರು ಯಾರಿದಾರೆ?"

"ಸೋಮಂದೇಪಲ್ಲೀಲಿ ಒಬ್ಬ ಇದ್ದ, ಅವ್ನಿಗೆ ಕಣ್ಣು ಹೋಗೈತೆ. ಕಲ್ಯಾಣದುರ್ಗದಾಗೆ ಕೇಶವಯ್ಯ ಅಂತ ಅವ್ನೆ. ನಮಗೆ ದೂರದ ಸಂಬಂಧ."

ದೂರಿನಲ್ಲಿ ಮೇಷ್ಟ್ರು ಮೀನು ಸಿಕ್ಕಿತೆಂದಿದ್ದ ಬಾವಿಯೂ ಕಲ್ಯಾಣದುರ್ಗದ ಕಡೆಯದೇ. ಸಂಜೆ ಐದಕ್ಕೆ ಪೋತಪ್ಪನನ್ನು ಮನೆಗೆ ಬಿಟ್ಟರು, ದಿನಾ ನಾಲ್ಕು ಗಂಟೆಗೆ ಬಂದು ಸಹಿ ಹಾಕಬೇಕೆಂಬ ಷರತ್ತಿನ ಮೇಲೆ. ಬೀದಿಯಲ್ಲಿ ಅವನು ನಡೆದು ಹೋಗುವಾಗ ಅಂಗಡಿಯವರು ಮಾತು ನಿಲ್ಲಿಸಿ ನೋಡಿದರು.

16ನೇ ತಾರೀಖು, ಬುಧವಾರ. ಜೀಪು ಪೆನುಕೊಂಡ ದಾಟಿ ಕಲ್ಯಾಣದುರ್ಗ ಸೇರಿದಾಗ ಹತ್ತೂವರೆ. ಮೊದಲು ಬೆಳುಗುಪ್ಪ ದಾರಿಯ ಬಾವಿಗೆ ಹೋದರು. ಬಾವಿಯ ಯಜಮಾನ ಕೊಂಡಪ್ಪ ಎಂಬ ರೈತ. ಅವನು ಪ್ರಶ್ನೆ ಕೇಳಿ ಬಾಯ್ತುಂಬ ನಕ್ಕ.

"ಮಾ ಬಾವಿಲೋ ಚೇಪಾ! ನಮ್ ಬಾವೀಲಿ ನೀರೇ ಇರಾಕಿಲ್ಲ ಸ್ವಾಮಿ, ಮೀನು ಎಲ್ಲಿಂದ ಬಂದಾತು?"

"ಕಲ್ಲಿನ ಮೀನು ಕಣಯ್ಯ. ಹೋದ ವರ್ಷ ಒಬ್ಬ ಮೇಷ್ಟ್ರು ಬಂದಿದ್ರಾ?"

"ಬಂದಿದ್ರು. ಕಟ್ಟೆ ಮ್ಯಾಲೆ ನಿಂತು ಫೋಟೋ ಹಿಡಿಸ್ಕಂಡ್ರು. ಕಪ್ಪು ಚಪ್ಪಡಿ ಅವ್ರೇ ತಂದಿದ್ರು, ಬಸ್ಸಿಂದ ಇಳಿಸ್ವಾಗ ನಾನೇ ಒಂದ್ ಕೈ ಹಾಕ್ದೆ. ನಮ್ ಬಾವೀಲಿ ಬರೋದು ಎಲ್ಲಾ ಗುಂಡುಕಲ್ಲು. ಅದು ಮನೆಗೆ ನೆಲಕ್ಕೆ ಹಾಕ್ತಾರಲ್ಲ, ಆ ಕಡಪ ಕಲ್ಲು."

"ಒಂದು ವರ್ಷದಿಂದ ಯಾರಿಗೂ ಹೇಳಲಿಲ್ಲವಲ್ಲ ನೀನು?"

"ಯಾರೂ ಕೇಳಲಿಲ್ವಲ್ಲ ಸ್ವಾಮಿ."

ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದರು. ಹನ್ನೆರಡು ಗಂಟೆಗೆ ನೇಕಾರರ ಬೀದಿ. ಕೇಶವಯ್ಯನ ಮನೆ ಮುಂದೆ ಜೀಪು ನಿಂತಾಗ ಅಕ್ಕಪಕ್ಕದ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಕೇಶವಯ್ಯ ಕಿಟಕಿಯ ಕೆಳಗೆ ಚೌಕುಳಿ ಕಾಗದ ಹಾಸಿಕೊಂಡು ಮಾವಿನಕಾಯಿಯ ಬುಟ್ಟಾಕ್ಕೆ ಬಣ್ಣ ತುಂಬುತ್ತಿದ್ದ. ಹೆಂಡತಿ ಪದ್ಮಾವತಮ್ಮ ಗಾಬರಿಯಿಂದ ನೀರು ತಂದಿಟ್ಟಳು.

"ಹೆದರ್ಕೋಬೇಡಿ ಅತ್ತಿಗೆ, ನಾನು ಶಂಕರ," ಎಂದ ಶಂಕರಯ್ಯ. ಫೋಟೋವನ್ನು ಕೇಶವಯ್ಯನ ಮುಂದೆ ಇಟ್ಟ. "ಅಣ್ಣ, ಇದು ಯಾರ ಕೈ?"

ಕೇಶವಯ್ಯ ನೋಡಿದ ಕೂಡಲೇ ಮುಖ ಅರಳಿತು. ತಪ್ಪು ಮಾಡಿದವನ ಮುಖ ಹಾಗೆ ಅರಳುವುದಿಲ್ಲ.

"ನಂದೇ ಕಣ್ಲಾ! ಹಿಂದೂಪುರದ ಮೇಷ್ಟ್ರು ಬರೆಸ್ಕಂಡ್ ಹೋದ್ರು. ಅವ್ರ ಹತ್ರ ಒಂದು ಫಾರಿನ್ ಪುಸ್ತಕ ಇತ್ತು, ಅದ್ರಾಗಿನ ಚಿತ್ರ. ಯಾವ್ದೋ ಲೆಬನಾನ್ ದೇಶದ್ದಂತೆ. ಅರ್ಧ ಜಜ್ಜಿ ಹೋಗಿತ್ತು. ಹುಡುಗ್ರಿಗೆ ಗೋಡೆಗೆ ಹಾಕಾಕೆ ಪೂರ್ತಿ ಬರ್ಕೊಡಿ ಅಂದ್ರು. ಚೆನ್ನಾಗಿರೋ ಅರ್ಧ ಬರೆದೆ, ಕಾಗದ ಮಡಿಚಿದೆ, ಇನ್ನರ್ಧ ತಿದ್ದಿದೆ. ಆದ್ರೆ ಇದೇನು, ಕಲ್ಲಿನ ಮ್ಯಾಲೆ ಹೆಂಗ್ ಬಂತು?"

"ಒಂಬತ್ತನೇ ಎಳೆ ಮುರಿದೈತಲ್ಲಣ್ಣ, ಎರಡೂ ಕಡೆ."

ಕೇಶವಯ್ಯ ಎಣಿಸಿ ನೋಡಿದ. ಸಂತೋಷ ಇಳಿದು ಹೋಯಿತು.

"ಅಯ್ಯೋ ರಾಮ. ಮೂವತ್ತು ವರ್ಷದ ಕೈ. ಅಭ್ಯಾಸ ಬಿಡ್ಲಿಲ್ಲ ನೋಡು."

ಅವನಿಗೆ ಕೇಸಿಗಿಂತ ಆ ತಪ್ಪೇ ದೊಡ್ಡದಾಗಿತ್ತು. ಅಟ್ಟದ ಮೇಲಿನ ಸುರುಳಿಗಳಲ್ಲಿ ಹುಡುಕಿ ಅರ್ಧ ಮೀನಿನ ಚೌಕುಳಿ ಹಾಳೆಯನ್ನು ತಾನೇ ತೆಗೆದುಕೊಟ್ಟ. ಮಧ್ಯಾಹ್ನ ಒಂದು ಹತ್ತಕ್ಕೆ ಅದನ್ನು ಪಂಚರ ಎದುರು ಜಪ್ತಿ ಮಾಡಲಾಯಿತು.

17ನೇ ತಾರೀಖು, ಗುರುವಾರ. ಜಯರಾಮಪ್ಪ ಒಂಬತ್ತು ಗಂಟೆಗೆ ಕಾಲೇಜಿನ ಗೇಟಿಗೆ ಮತ್ತೆ ಹೋದರು. ವಾಚ್‌ಮನ್ನನ್ನು ಮತ್ತೆ ನಿಲ್ಲಿಸಿ ಕೇಳಿದರು.

"ಶನಿವಾರ ಸಂಜೆ ಕೊನೆಗೆ ಯಾರು ಹೋದ್ರು?"

"ಓಬಳೇಶಪ್ಪ ಮೇಷ್ಟ್ರು ಸಾರ್. ಸೈಕಲ್ಲಾಗೆ."

"ಕ್ಯಾರಿಯರ್ ಮೇಲೆ ಏನಾದ್ರೂ ಇತ್ತಾ?"

"ಪುಸ್ತಕದ ಕಟ್ಟು ಸಾರ್. ದುಪ್ಪಟಿ ಸುತ್ತಿದ್ರು. ತಳ್ಕಂಡೇ ಹೋದ್ರು ಪಾಪ, ಹತ್ಲಿಲ್ಲ."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವ್ ಕೇಳಿದ್ದು ಪೋತಪ್ಪನ್ ವಿಷ್ಯ ಅಲ್ವಾ ಸಾರ್?"

ಜಯರಾಮಪ್ಪನವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಪ್ಪತ್ತೇಳು ವರ್ಷದ ಸರ್ವಿಸ್ಸು, ಎರಡು ಮೆಡಲ್ಲು, ಆದರೂ ಮೇಷ್ಟ್ರ ಸೈಕಲ್ಲಿನ ಮೇಲೆ ಏನಿತ್ತು ಎಂದು ಕೇಳಬೇಕೆಂದು ತೋಚಿರಲಿಲ್ಲ. ಅವರಿಗೆ ನಿಜವಾಗಿ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಕೇಸ್ ಡೈರಿಯಲ್ಲಿ ಬರೆಯಲು ಜಾಗವಿಲ್ಲ.

ಮಧ್ಯಾಹ್ನ ಎರಡೂ ಕಾಲಿಗೆ ಓಬಳೇಶಪ್ಪನವರ ಬಾಡಿಗೆ ಮನೆಯನ್ನು ಶೋಧಿಸಲಾಯಿತು. ಪಕ್ಕದ ಮನೆಯ ಇಬ್ಬರು ಪಂಚರು. ಮೇಷ್ಟ್ರು ಜಗುಲಿಯ ಮೇಲೆ ಕೂತರು, ಯಾಕೆ ಬಂದಿರಿ ಎಂದು ಕೇಳಲಿಲ್ಲ. ಬೀರು, ಮಂಚದ ಕೆಳಗೆ, ಅಟ್ಟ, ಎಲ್ಲ ಕಡೆ ನೋಡಿ ಶಂಕರಯ್ಯ ಬಚ್ಚಲಿಗೆ ಹೋದ. ಹಿಂದೂಪುರದ ಗಡಸು ನೀರು ಯಾವ ಕಲ್ಲನ್ನೂ ಬಿಡುವುದಿಲ್ಲ, ಬಿಳಿಯ ಹಕ್ಕಳೆ ಕಟ್ಟುತ್ತದೆ. ಆ ಬಚ್ಚಲಿನ ಚಪ್ಪಡಿಗಳೂ ಸುಣ್ಣ ಬಳಿದಂತೆ ಇದ್ದವು. ಹಂಡೆಯ ಮುಂದಿನ ಒಂದು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು.

"ಈ ಕಲ್ಲು ಯಾವಾಗ ಹಾಕಿದ್ದಮ್ಮಾ?"

ಮೇಷ್ಟ್ರ ಹೆಂಡತಿ ಗಂಗಾದೇವಿ ಬಾಗಿಲಲ್ಲಿ ನಿಂತಿದ್ದರು. "ಶನಿವಾರ ಹಾಕಿದ್ರು. ಅಲ್ಲಿ ಜಾರ್ತದೆ ಅಂತ ನಾಲ್ಕು ವರ್ಷದಿಂದ ಹೇಳ್ತಿದ್ದೆ. ಕೊನೆಗೂ ನನ್ನ ಮಾತು ಕೇಳಿದ್ರು."

ಶಂಕರಯ್ಯ ಕಲ್ಲನ್ನು ಎತ್ತಿ ಮಗುಚಿದ. ಕೆಸರಿನ ಅಡಿಯಲ್ಲಿ ಮೀನು ಇತ್ತು. ಗಂಗಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಜಯರಾಮಪ್ಪ ಜಗುಲಿಗೆ ಬಂದು ಮೇಷ್ಟ್ರ ಪಕ್ಕದಲ್ಲೇ ಕೂತರು.

"ಕಲ್ಲಿನ ಮೇಲೆ ಹೇಗೆ ತಂದ್ರಿ?"

"ಕಾರ್ಬನ್ ಇಟ್ಟು ಗೆರೆ ಇಳಿಸಿಕೊಂಡೆ. ಸೂಜಿಯಿಂದ ಕೊರೆದೆ. ಆಮೇಲೆ ಲ್ಯಾಬಿನ ಆಸಿಡ್. ಎಂಟು ತಿಂಗಳು ಹಿಡೀತು."

"ಒಡೆದು ಹಾಕಬಹುದಿತ್ತಲ್ಲ? ಸಿಕ್ತಾನೇ ಇರಲಿಲ್ಲ."

"ಕೈ ಬರಲಿಲ್ಲ."

ಆಮೇಲೆ ಓಬಳೇಶಪ್ಪ ಧ್ವನಿ ತಗ್ಗಿಸಿದರು.

"ಒಂದು ಮಾತು ಕೇಳಿ ಇನ್‌ಸ್ಪೆಕ್ಟರೇ. ಈ ಮೀನು ಸುಳ್ಳು ಅಂತ ಗೊತ್ತಾದ್ರೆ ಡಿಪಾರ್ಟ್‌ಮೆಂಟು ಮುಚ್ಚಿಬಿಡ್ತಾರೆ. ಪೋತಪ್ಪನ ಪೋಸ್ಟೂ ಅದರ ಜೊತೆ ಹೋಗ್ತದೆ. ಕಾಲೇಜಿನ ಹಿತ್ತಲಲ್ಲಿ ಒಡೆದ ಕಲ್ಲು ಸಿಕ್ಕಿತು, ಕಳ್ಳ ಸಿಗಲಿಲ್ಲ ಅಂತ ಬರೆದುಬಿಡಿ. ಕಲ್ಕತ್ತಾದವರು ಅದನ್ನ ನೋಡದೇ ವಾಪಸ್ ಹೋಗ್ತಾರೆ. ಪೋತಪ್ಪನ ಆರ್ಡರಿಗೆ ಶನಿವಾರ ಸೈನ್ ಆಗ್ತದೆ. ಯಾರಿಗೂ ನಷ್ಟ ಇಲ್ಲ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಜಯರಾಮಪ್ಪ ಕೊರಳಪಟ್ಟಿ ಹಿಡಿಯುತ್ತಿದ್ದರು. ಆದರೆ ಮೇಷ್ಟ್ರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ತಾವೇ ಜೀಪಿಗೆ ಹತ್ತಿಸಿ ಒಂದು ರಾತ್ರಿ ಕೂರಿಸಿದ ಮನುಷ್ಯನ ಅನ್ನ ಈಗ ತಮ್ಮ ಪೆನ್ನಿನ ತುದಿಯಲ್ಲಿ ನಿಂತಿತ್ತು. ಶಂಕರಯ್ಯನನ್ನು ಪಂಚರ ಜೊತೆ ಕಲ್ಲಿನ ಬಳಿ ಕಾವಲಿಗೆ ಬಿಟ್ಟು ಅವರು ಠಾಣೆಗೆ ಬಂದರು. ನಾಲ್ಕು ಗಂಟೆಗೆ ಐದು ನಿಮಿಷ. ಪೋತಪ್ಪ ಸಹಿ ಹಾಕಲು ಬಂದು ಮೆಟ್ಟಿಲ ಮೇಲೆ ನಿಂತಿದ್ದ.

"ಒಳಗೆ ಬಾ. ಕೂತ್ಕೊ ಪೋತಪ್ಪ."

"ಬ್ಯಾಡ ಸಾರ್, ನಿಂತ್ಕಂತೀನಿ."

ಜಯರಾಮಪ್ಪ ಎಲ್ಲವನ್ನೂ ಹೇಳಿದರು. ಮೀನು ಯಾರು ಮಾಡಿದ್ದು, ಯಾರು ತೆಗೆದಿದ್ದು, ಎಲ್ಲಿ ಸಿಕ್ಕಿತು. ಇಂಥ ಮಾತನ್ನು ಅನುಮಾನದಲ್ಲಿದ್ದವನ ಮುಂದೆ ಹೇಳುವುದು ಯಾವ ನಿಯಮದಲ್ಲೂ ಇರಲಿಲ್ಲ. ಪೋತಪ್ಪ ಗೋಡೆ ಹಿಡಿದುಕೊಂಡು ಕೇಳಿದ.

"ಕಳ್ಳ ಸಿಗಲಿಲ್ಲ ಅಂತ ಬರೆದ್ರೆ ನಿನ್ನ ಆರ್ಡರ್ ನಿನಗೆ ಸಿಗ್ತದೆ. ನಿಜ ಬರೆದ್ರೆ ಡಿಪಾರ್ಟ್‌ಮೆಂಟು ಹೋಗ್ತದೆ, ನೀನೂ ಹೋಗ್ತೀಯ. ನಾನು ಯಾರನ್ನೂ ಹೀಗೆ ಕೇಳಿದವನಲ್ಲ. ನೀನೇ ಹೇಳು."

ಪೋತಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಸಂತೆಗೆ ಹೋಗುವ ಬಂಡಿಗಳು ಹಾದುಹೋದವು.

"ಕಳ್ಳ ಸಿಗ್ಲಿಲ್ಲ ಅಂತ ಬರೆದ್ರೆ ಊರ್ನೋರು ಏನಂತಾರೆ ಸಾರ್? ಸಿಗೋ ಗಂಟ ನಾನೇ ಕಳ್ಳ. ಪೊಲೀಸ್ನೋರು ಎಳ್ಕಂಡ್ ಹೋಗಿದ್ದು ನನ್ನೇ ಅಲ್ವಾ? ನನ್ ಹೆಂಡ್ರು ಎರಡು ದಿನದಿಂದ ನೀರಿಗೆ ಹೋಗಿಲ್ಲ. ನಲ್ಲಿ ಹತ್ರ ಹೆಂಗಸ್ರು ಬಿಂದಿಗೆ ಎತ್ತಿ ಪಕ್ಕಕ್ಕೆ ಇಟ್ಕಂತಾರಂತೆ."

ಅವನು ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದ.

"ಕಳ್ಳ ಅನ್ನಿಸ್ಕೊಂಡು ಪರ್ಮನೆಂಟ್ ಆಗೋದ್ ಬ್ಯಾಡ ಸಾರ್. ಬರ್ಕೊಳ್ಳಿ."

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಓಬಳೇಶಪ್ಪನವರನ್ನು ಅವರ ಮನೆಯಲ್ಲಿ ಬಂಧಿಸಲಾಯಿತು. ಕಾಲೇಜಿನ ರಿಜಿಸ್ಟರಿನಲ್ಲಿ ಸೇರಿದ್ದ ಸ್ವತ್ತನ್ನು ನೌಕರನೇ ಕದ್ದ ಬಗ್ಗೆ ಸೆಕ್ಷನ್ 381, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ 182. ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಒತ್ತಿ, ಚೀಟಿ ಅಂಟಿಸಿದರು. ಕಲ್ಕತ್ತಾದ ವಿದ್ವಾಂಸರಿಗೆ ಬರುವುದು ಬೇಡವೆಂದು ತಂತಿ ಹೋಯಿತು.

ಹೇಳಿಕೆಯಲ್ಲಿ ಓಬಳೇಶಪ್ಪ ಏನನ್ನೂ ಮುಚ್ಚಿಡಲಿಲ್ಲ. ಅವರ ತರಗತಿಯಲ್ಲಿ ಎರಡು ವರ್ಷದ ಹಿಂದೆ ನಾಲ್ಕೇ ಹುಡುಗರಿದ್ದರು. ಮುಂದಿನ ವರ್ಷಕ್ಕೆ ಡಿಪಾರ್ಟ್‌ಮೆಂಟು ಬೇಡ ಎಂದು ಕಮಿಟಿ ಮಾತಾಡಿಕೊಳ್ಳುತ್ತಿತ್ತು. "ಹತ್ತೊಂಬತ್ತು ವರ್ಷ ಮಕ್ಕಳಿಗೆ, ನಮ್ಮ ಕಲ್ಲಲ್ಲಿ ಏನೂ ಇಲ್ಲ, ಏನೂ ಸಿಗಲ್ಲ ಅಂತ ಪಾಠ ಮಾಡಿದೆ. ಏನೂ ಇಲ್ಲದ್ದನ್ನ ಕಲಿಯೋಕೆ ಯಾರು ಬರ್ತಾರೆ? ಒಂದೇ ಒಂದು ಮೀನು ಇದ್ದಿದ್ರೆ ಬರ್ತಿದ್ರು ಅನ್ನಿಸ್ತು. ಬಂದರು. ಮೂವತ್ತೊಂದು ಜನ ಬಂದರು. ನಿಜವಾದ ಕಲ್ಲನ್ನೂ ಕೈಯಲ್ಲಿ ಹಿಡಿದು ನೋಡಿದರು." ಪೋತಪ್ಪನ ವಿಷಯ ಕೇಳಿದಾಗ ಅವರು ತಲೆಯೆತ್ತಿದರು. "ಅವನ ಮೇಲೆ ಬರಲಿ ಅಂತ ನಾನು ಮಾಡಲಿಲ್ಲ. ಅವನ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ," ಎಂದರು. ಅದಕ್ಕೂ ಸಹಿ ಹಾಕಿದರು.

ಜುಲೈ 31ರಂದು ಭೂವಿಜ್ಞಾನದ ಕೋಣೆಯನ್ನು ಮುಚ್ಚಲಾಯಿತು. ಹುಡುಗರನ್ನು ಬೇರೆ ವಿಷಯಗಳಿಗೆ ಹಂಚಿದರು. ಮಹಜರು ಪತ್ರಕ್ಕಾಗಿ ಆ ದಿನ ಜಯರಾಮಪ್ಪ ಕಾಲೇಜಿಗೆ ಹೋಗಿದ್ದರು. ಪ್ರಿನ್ಸಿಪಾಲರ ಮೇಜಿನ ಮುಂದೆ ಪೋತಪ್ಪ ನಿಂತಿದ್ದ, ಒಗೆದ ಅಂಗಿ ತೊಟ್ಟುಕೊಂಡು.

"ಬೇರೆ ಕಡೆ ಎಲ್ಲಾದ್ರೂ ನೋಡ್ತೀನಿ ಪೋತಪ್ಪ, ಮಾತು ಕೊಡೋಕಾಗಲ್ಲ," ಎಂದರು ವರಲಕ್ಷ್ಮಮ್ಮ.

"ಆಗ್ಲಿ ಅಮ್ಮಾ. ಒಂದ್ ಕಾಗದ ಬರ್ಕೊಡಿ ಸಾಕು. ಬೀರುನಾಗಿನ ಕಲ್ಲೆಲ್ಲಾ ಎಣಿಸಿ ಒಪ್ಪಿಸಿದೀನಿ. ಸರಿಯಾಗೈತೆ ಅಂತ ಬರೀರಿ."

ವರಲಕ್ಷ್ಮಮ್ಮ ಬರೆದರು, ಸಹಿ ಮಾಡಿ ಮೊಹರು ಒತ್ತಿದರು. ಪೋತಪ್ಪ ಅದನ್ನು ತಂದು ಜಯರಾಮಪ್ಪನವರ ಕೈಗೆ ಕೊಟ್ಟ.

"ನನಗೆ ಇಂಗ್ಲೀಷ್ ಬರಾಕಿಲ್ಲ ಸಾರ್. ನೀವು ಓದಿ ಹೇಳಿ."

ಜಯರಾಮಪ್ಪ ಎದ್ದು ನಿಂತು ಓದಿದರು. "ಪೋತಪ್ಪನ ವಶದಲ್ಲಿದ್ದ ಇನ್ನೂರ ಹದಿನಾಲ್ಕು ಕಲ್ಲುಗಳೂ ಸರಿಯಾಗಿವೆ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಕಡಿಮೆಯಾಗಿಲ್ಲ."

"ಇನ್ನೊಂದ್ ಸಲ ಓದಿ ಸಾರ್," ಎಂದ ಪೋತಪ್ಪ. "ಮನೇಲಿ ಹೇಳ್ಬೇಕು."